ಹತ್ತು ಹೆಸರಿನ ಪಟ್ಟಿ

ಹೋದ ದೀಪಾವಳಿಗೆ ಮಗ ಅಮೆರಿಕದಿಂದ ಬಂದಿದ್ದ. ಬಲಿಪಾಡ್ಯಮಿಯ ರಾತ್ರಿ ಊಟ ಮುಗಿದು ಎಷ್ಟು ಹೊತ್ತಾದರೂ ಅವನೂ ನನ್ನ ಮೈದುನನೂ ಬಾಳೆಲೆಯ ಮುಂದಿನಿಂದ ಏಳಲೇ ಇಲ್ಲ. ಎಂಜಲು ಕೈ ಒಣಗಿಹೋಗಿತ್ತು. ಇಬ್ಬರ ನಡುವೆ ಜೋರು ವಾದ ನಡೆದಿತ್ತು. ತೋಟದ ವಿಷಯವಲ್ಲ, ಚುನಾವಣೆಯ ವಿಷಯವೂ ಅಲ್ಲ. ಎಲ್ಲ ಕಾಲಕ್ಕೂ ಎಲ್ಲರಿಗಿಂತ ದೊಡ್ಡ ಸ್ಟೀಲ್ ಗಿಟಾರ್ ವಾದಕ ಯಾರು ಎಂಬುದು ಅವರ ಜಗಳ!

ಮಗ ಇರುವುದು ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಊರಿನಲ್ಲಿ. ಅಲ್ಲಿಯ ಹಳ್ಳಿಗಾಡಿನ ಹಾಡಿಗೆ ಈ ವಾದ್ಯ ನಮ್ಮ ಅನ್ನಕ್ಕೆ ಸಾರು ಇದ್ದಂತೆ. ಮೈದುನ ಬ್ಯಾಂಕಿನಿಂದ ನಿವೃತ್ತನಾದವನು. ಹರೆಯದಲ್ಲಿ ಹವಾಯಿಯನ್ ಗಿಟಾರ್ ಕಲಿತು ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ. ಇಬ್ಬರೂ ಹತ್ತು ಹತ್ತು ಹೆಸರಿನ ಪಟ್ಟಿ ಮಾಡಿಕೊಂಡಿದ್ದರು. ಒಬ್ಬರ ಪಟ್ಟಿಯ ಹೆಸರು ಇನ್ನೊಬ್ಬರದರಲ್ಲಿ ಇರಲಿಲ್ಲ.

"ಅತ್ತಿಗೆ, ನೀವೇ ಹೇಳಿಬಿಡಿ. ಎಷ್ಟು ಸ್ಪರ್ಧೆಗಳಿಗೆ ತೀರ್ಪುಗಾರರಾಗಿದ್ದೀರಿ!" ಎಂದ ಮೈದುನ.

ಅವನು ತಮಾಷೆಗೆ ಅಂದದ್ದು. ಆದರೆ ಆ 'ತೀರ್ಪುಗಾರರು' ಎಂಬ ಮಾತು ನನಗೆ ಎಲ್ಲೋ ಚುಚ್ಚಿತು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. "ಕೇಳದೆ ಹೇಗೆ ಹೇಳಲಿ? ಮೊದಲು ಕೇಳಿಸಿ" ಎಂದು ಎಲೆ ತೆಗೆಯಲು ಹೋದೆ. ಮರುದಿನದಿಂದ ಹದಿನೈದು ದಿನ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಇದೇ ಕೆಲಸವಾಯಿತು.

ಈ ವಾದ್ಯವನ್ನು ನೀವು ಕಣ್ಣಾರೆ ನೋಡಿರದಿದ್ದರೂ ಕಿವಿಯಾರೆ ಬಲ್ಲಿರಿ. ವಿವಿಧ ಭಾರತಿಯಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಮೊದಲು ಹಳೆಯ ಹಿಂದಿ ಹಾಡಿನ ಧಾಟಿಯನ್ನು ಯಾರೋ ಮಾತಿಲ್ಲದೆ ನುಡಿಸುತ್ತಿದ್ದರಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯದೆ ಜಾರಿಕೊಂಡು ಹೋಗುತ್ತಿತ್ತಲ್ಲ, ಎಷ್ಟೋ ಸಲ ಅದು ಇದೇ ವಾದ್ಯ. ಗಿಟಾರನ್ನು ಎದೆಗೆ ಒರಗಿಸಿಕೊಳ್ಳದೆ ತೊಡೆಯ ಮೇಲೆ ಅಡ್ಡ ಮಲಗಿಸುತ್ತಾರೆ. ಎಡಗೈ ಬೆರಳಿನಿಂದ ತಂತಿಯನ್ನು ಒತ್ತುವುದಿಲ್ಲ. ಬದಲಿಗೆ ಒಂದು ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತಾರೆ. ಸ್ಟೀಲ್ ಎಂಬ ಹೆಸರು ಬಂದದ್ದು ಆ ತುಂಡಿನಿಂದಲೇ. ನಮ್ಮ ಸಂಗೀತದಲ್ಲಿ 'ಜಾರು' ಎಂಬ ಗಮಕ ಇದೆಯಲ್ಲ, ಈ ವಾದ್ಯ ಇಡೀ ಅದರ ಮೇಲೆಯೇ ನಿಂತಿದೆ. ಮನುಷ್ಯರ ದನಿಯೂ ಹಾಗೇ ಜಾರುವುದರಿಂದಲೋ ಏನೋ, ಕೇಳಿದರೆ ಯಾರೋ ಪಕ್ಕದ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಗುನುಗಿದಂತೆ ಇರುತ್ತದೆ.

ಮೊದಲ ಸಂಜೆ 'ಮೊದಲಿಗ ಯಾರು' ಎಂಬಲ್ಲಿಂದ ಶುರುವಾಯಿತು. ಹವಾಯಿ ದ್ವೀಪದ ಲಾಯಿಎ ಎಂಬ ಊರಿನಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಶಾಲಾ ಹುಡುಗನಾಗಿದ್ದಾಗ ರೈಲು ಹಳಿಯ ಮೇಲೆ ಸಿಕ್ಕ ಬೋಲ್ಟನ್ನು ಗಿಟಾರಿನ ತಂತಿಗೆ ತಾಗಿಸಿ ನೋಡಿದನಂತೆ. ಚಾಕು, ಬಾಚಣಿಗೆ ಎಂದು ಬೇರೆ ಬೇರೆ ಕಥೆಗಳೂ ಇವೆ. ಆ ಆಟವನ್ನೇ ವಿದ್ಯೆಯನ್ನಾಗಿ ಮಾಡಿಕೊಂಡು 1904ರಲ್ಲಿ ಅಮೆರಿಕಕ್ಕೆ ಹೋಗಿ, ಆಮೇಲೆ ಯೂರೋಪಿನಲ್ಲೂ ನುಡಿಸಿ, 1932ರಲ್ಲಿ ತೀರಿಕೊಂಡ. ಆದರೆ ಅವನಿಗಿಂತ ಮೊದಲೇ ಗೇಬ್ರಿಯಲ್ ಡೇವಿಯನ್ ಎಂಬ ಒಬ್ಬ ಹುಡುಗ ಹೀಗೆ ಜಾರಿಸಿ ನುಡಿಸುತ್ತಿದ್ದ, ಅವನನ್ನು ಹಡಗಿನ ಕಪ್ತಾನನೊಬ್ಬ ಭಾರತದಿಂದ ಹೊತ್ತುತಂದಿದ್ದ ಎಂಬ ಮಾತೂ ಉಂಟು. ಇದನ್ನು ಕೇಳಿದ್ದೇ ಮೈದುನನಿಗೆ ಮೀಸೆ ತಿರುವುವಷ್ಟು ಖುಷಿ. "ನೋಡಿದಿರಾ, ಮೂಲ ನಮ್ಮದೇ!"

ನಾನು ಕೇಳಿದೆ: "ಮೊದಲಿಗನಾದರೆ ದೊಡ್ಡವನು ಎಂದು ಯಾರು ಹೇಳಿದರು? ಮೊದಲ ಸಲ ಒಲೆ ಹಚ್ಚಿದವಳು ಒಬ್ಬಳು ಇದ್ದಿರಬೇಕು. ಅವಳಿಗೆ ನಮಸ್ಕಾರ. ಆದರೆ ಅವಳು ಮಾಡಿದ ಅಡಿಗೆ ಹೇಗಿತ್ತೋ!"

ಎರಡನೆಯ ಅಳತೆ ಕೈಚಳಕದ್ದು. ಮಗನ ಪಟ್ಟಿಯಲ್ಲಿ ಇದಕ್ಕೆ ಮೊದಲ ಹೆಸರು ಬಡ್ಡಿ ಎಮನ್ಸ್ (1937–2015). ಹದಿನೆಂಟರ ವಯಸ್ಸಿಗೇ ನ್ಯಾಶ್‌ವಿಲ್‌ಗೆ ಬಂದು ಕೂತ ಹುಡುಗ. ಅಲ್ಲಿಯ ಸ್ಟೀಲ್ ಗಿಟಾರ್ ತೊಡೆಯಿಂದ ಇಳಿದು ಮೇಜಿನಂತೆ ಕಾಲುಗಳ ಮೇಲೆ ನಿಂತಿದೆ. ಕೆಳಗೆ ಕಾಲಿನಿಂದ ತುಳಿಯುವ ಪೆಡಲುಗಳು, ಮೊಣಕಾಲಿನಿಂದ ತಳ್ಳುವ ಕೀಲಿಗಳು. ತುಳಿದರೆ ಕೆಲವು ತಂತಿಗಳ ಶ್ರುತಿ ಮಾತ್ರ ಏರುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ಎರಡು ಕೈ, ಎರಡು ಪಾದ, ಎರಡು ಮೊಣಕಾಲು ಒಟ್ಟಿಗೆ ಕೆಲಸ ಮಾಡಬೇಕು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಸೌಟು, ಕಾಲಿನಿಂದ ಬಾಗಿಲು ತಳ್ಳುವ ಹೆಂಗಸರಿಗೆ ಇದು ಅರ್ಥವಾಗುತ್ತದೆ. ಎಮನ್ಸ್ ಬರೀ ನುಡಿಸಲಿಲ್ಲ, ವಾದ್ಯಕ್ಕೆ ತಂತಿ ಸೇರಿಸಿದ, ಪೆಡಲು ಮಾರ್ಪಡಿಸಿದ, ವಾದ್ಯ ತಯಾರಿಸುವ ಕಂಪೆನಿಯನ್ನೇ ಕಟ್ಟಿದ. ಈಗ ಆ ವಾದ್ಯ ಕಲಿಯುವವರು ಅವನು ಹಾಕಿಕೊಟ್ಟ ದಾರಿಯನ್ನು ತುಳಿಯದೆ ಹೋಗಲಾರರು.

ಮೈದುನನ ಪಟ್ಟಿ ಲಖನೌದಲ್ಲಿ ಹುಟ್ಟಿದ ವ್ಯಾನ್ ಶಿಪ್ಲಿಯಿಂದ (1927–2008) ಶುರು. ಸಿನಿಮಾ ಧಾಟಿಗಳನ್ನು ಮಾತಿಲ್ಲದೆ ಮನೆಮನೆಗೆ ಮುಟ್ಟಿಸಿದವರು. ಆಮೇಲೆ ಬ್ರಿಜ್ ಭೂಷಣ್ ಕಾಬ್ರಾ (1937–2018). ಸಿನಿಮಾ ಹಾಡಿಗೆ ಮಾತ್ರ ಸಲ್ಲುವ ವಾದ್ಯ ಎಂದು ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ಅವರು ಸರೋದ್ ವಾದಕ ಅಲಿ ಅಕ್ಬರ್ ಖಾನರ ಶಿಷ್ಯರಾಗಿ, ಆ ಗಿಟಾರಿನಲ್ಲಿ ರಾಗವನ್ನೇ ನುಡಿಸಿದರು. 1967ರಲ್ಲಿ ಶಿವಕುಮಾರ್ ಶರ್ಮ, ಹರಿಪ್ರಸಾದ್ ಚೌರಾಸಿಯಾ ಅವರೊಡನೆ ನುಡಿಸಿದ 'ಕಾಲ್ ಆಫ್ ದಿ ವ್ಯಾಲಿ' ನಮ್ಮ ಮನೆಯಲ್ಲಿ ಕ್ಯಾಸೆಟ್ಟಾಗಿ ಸವೆದು ಹೋಗುವಷ್ಟು ಸಲ ತಿರುಗಿತ್ತು. ಮೂರನೆಯವರು ಜೈಪುರದ ವಿಶ್ವಮೋಹನ ಭಟ್. ಗಿಟಾರನ್ನೇ ತಿದ್ದಿ, ಅನುರಣನದ ತಂತಿಗಳನ್ನು ಕೂಡಿಸಿ ಮೋಹನ ವೀಣೆ ಮಾಡಿಕೊಂಡು, ರೈ ಕೂಡರ್ ಜೊತೆ ನುಡಿಸಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ತಂದವರು.

ಈಗ ನೀವೇ ಹೇಳಿ, ಎಮನ್ಸ್ ದೊಡ್ಡವನೋ ಕಾಬ್ರಾ ದೊಡ್ಡವರೋ? ಒಬ್ಬನ ಬಲ ಹಲವು ತಂತಿಗಳನ್ನು ಒಟ್ಟಿಗೆ ಹಿಡಿಯುವುದರಲ್ಲಿ. ಇನ್ನೊಬ್ಬರ ಬಲ ಒಂದೇ ಸ್ವರವನ್ನು ಅರ್ಧ ನಿಮಿಷ ಬಿಡಿಸಿ ತೋರಿಸುವುದರಲ್ಲಿ. ಸೇರಿನಲ್ಲಿ ಅಕ್ಕಿ ಅಳೆಯಬಹುದು, ಗಜದಲ್ಲಿ ಬಟ್ಟೆ ಅಳೆಯಬಹುದು. ಸೇರು ಹಿಡಿದುಕೊಂಡು ಸೀರೆ ಅಂಗಡಿಗೆ ಹೋದರೆ? ಜಗಳ ವಾದಕರದಲ್ಲ, ಅಳತೆಗೋಲಿನದು ಎಂದು ನನಗೆ ಅನ್ನಿಸಿತು. ನಮ್ಮ ಮನೆಗಳಲ್ಲೂ ಇದೇ ತಾನೆ? ಹಿರಿ ಸೊಸೆ ಅಚ್ಚುಕಟ್ಟು, ಕಿರಿ ಸೊಸೆ ನಗುಮೊಗದವಳು. ಯಾರು ಹೆಚ್ಚು ಎಂದು ಕೇಳಿ ಕೇಳಿಯೇ ಇಬ್ಬರ ನಡುವೆ ಗೋಡೆ ಎದ್ದಿರುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಈ ಬರಹ ಒಂದು ಒಳ್ಳೆಯ ಮಾತಿನಲ್ಲಿ ಮುಗಿಯುತ್ತಿತ್ತು: ಎಲ್ಲರೂ ದೊಡ್ಡವರೇ, ಹೋಲಿಕೆ ಬೇಡ. ನಾನು ಹಾಗೇ ಅಂದೆ ಕೂಡ. ಆದರೆ ಮಗ ಬಿಡಲಿಲ್ಲ. "ಅಮ್ಮ, ಎಲ್ಲರೂ ದೊಡ್ಡವರು ಅನ್ನುವುದು ಯಾರನ್ನೂ ಸರಿಯಾಗಿ ಕೇಳದವರ ಮಾತು. ನೀನು ಉತ್ತರ ಪತ್ರಿಕೆ ತಿದ್ದುವಾಗ ಎಲ್ಲರಿಗೂ ಐವತ್ತು ಹಾಕುತ್ತಿದ್ದೆಯಾ?"

ಅವನ ಮಾತು ನಿಜ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಚೆನ್ನಾಗಿ ಬರೆದ ಹುಡುಗಿಗೂ ಗೀಚಿದ ಹುಡುಗನಿಗೂ ಒಂದೇ ಅಂಕ ಕೊಟ್ಟರೆ ಅದು ಸಮಾನತೆ ಅಲ್ಲ, ಸೋಮಾರಿತನ. ಹಾಗಾದರೆ ಅಳೆಯುವುದರಲ್ಲಿ ತಪ್ಪಿಲ್ಲ. ತಪ್ಪು ಬೇರೆ ಎಲ್ಲೋ ಇದೆ. ಎಲ್ಲಿದೆ ಎಂಬುದು ನನಗೆ ಮೊದಲಿಂದ ಗೊತ್ತಿತ್ತು, ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ನಮ್ಮೂರಿನಲ್ಲಿ ಮಕ್ಕಳ ದೇವರನಾಮ ಸ್ಪರ್ಧೆ. ತೀರ್ಪುಗಾರರು ಮೂವರು, ಅವರಲ್ಲಿ ನಾನೂ ಒಬ್ಬಳು. ತಗಡಿನ ಮಾಡಿನ ಸಭಾಂಗಣ, ಆಷಾಢದ ಮಳೆ. ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ಹಾಡಿ ಮುಗಿಯುವಾಗ ಸಂಜೆ ಆರು ದಾಟಿತ್ತು. ಮನೆಯಲ್ಲಿ ಅತ್ತೆಗೆ ಜ್ವರ, ಮಗ ಸಣ್ಣವನು. ಕೊನೆಯ ಹುಡುಗಿ ಬಂದು ನಿಂತಾಗ ಮಾಡಿನ ಮೇಲೆ ಮಳೆ ಎಷ್ಟು ಜೋರಾಗಿ ಹೊಡೆಯುತ್ತಿತ್ತೆಂದರೆ ಅವಳ ತುಟಿ ಅಲುಗುವುದು ಕಾಣುತ್ತಿತ್ತು, ಹಾಡು ಕೇಳುತ್ತಿರಲಿಲ್ಲ. ಮೈಕು ಕೆಟ್ಟಿತ್ತು. ನಾನು ಏನು ಮಾಡಬೇಕಿತ್ತು? ಮಳೆ ನಿಲ್ಲಲಿ, ಮತ್ತೆ ಹಾಡಿಸೋಣ ಎನ್ನಬೇಕಿತ್ತು. ಅಥವಾ ಎದ್ದು ಅವಳ ಹತ್ತಿರ ಹೋಗಿ ನಿಲ್ಲಬೇಕಿತ್ತು. ನಾನು ಏನೂ ಮಾಡಲಿಲ್ಲ. ಗಡಿಯಾರ ನೋಡಿದೆ, ಹಿಂದಿನ ಮಗುವಿಗೆ ಕೊಟ್ಟಷ್ಟೇ ಇರಲಿ ಎಂದು ಒಂದು ಅಂಕೆ ಬರೆದೆ. ಅವಳಿಗೆ ಯಾವ ಬಹುಮಾನವೂ ಬರಲಿಲ್ಲ.

ಹತ್ತು ಹನ್ನೆರಡು ವರ್ಷದ ಮೇಲೆ ಒಂದು ಮದುವೆ ಮನೆಯಲ್ಲಿ ಅವಳೇ ಬಂದು ಮಾತನಾಡಿಸಿದಳು. ಕಂಕುಳಲ್ಲಿ ಮಗು. "ಗುರುತು ಸಿಕ್ಕಿತಾ ಟೀಚರ್?" ಎಂದಳು. ಹಾಡುತ್ತೀಯಾ ಎಂದು ಕೇಳಿದೆ. ಇಲ್ಲ, ಆವತ್ತೇ ಬಿಟ್ಟೆ ಎಂದಳು. ಸೋತದ್ದಕ್ಕಾ ಎಂದೆ. ಅವಳು ನಕ್ಕಳು. "ಸೋತದ್ದಕ್ಕಲ್ಲ ಟೀಚರ್. ನಾನು ಪಲ್ಲವಿ ಮುಗಿಸುವ ಮೊದಲೇ ನೀವು ಅಂಕ ಬರೆದು ಪೆನ್ನು ಮುಚ್ಚಿದಿರಿ. ನಾನು ನಿಮ್ಮ ಕೈಯನ್ನೇ ನೋಡುತ್ತಿದ್ದೆ."

ಕೋಪದಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಯಾವುದೋ ಹಳೆಯ ಸಂಗತಿ ನೆನಪಿಸುವ ಹಾಗೆ ಹೇಳಿ, ಮಗುವಿನ ಬಾಯಿ ಒರೆಸಿಕೊಂಡು ಊಟದ ಪಂಕ್ತಿಗೆ ಹೋದಳು. ಆಮೇಲೆ ನಾನು ಯಾವ ಸ್ಪರ್ಧೆಗೂ ತೀರ್ಪುಗಾರಳಾಗಿ ಹೋಗಲಿಲ್ಲ. ವಯಸ್ಸಾಯಿತು ಎಂದು ನೆಪ ಹೇಳಿದೆ.

ಈ ಹುಡುಗಿಯ ನೆನಪಿನಲ್ಲೇ ನಾನು ಮಗನಿಗೆ ಕೇಳಿದೆ, "ನಿನ್ನ ಹತ್ತು ಜನರಲ್ಲಿ ಒಬ್ಬಳೂ ಹೆಂಗಸಿಲ್ಲವಲ್ಲ, ಯಾರೂ ನುಡಿಸಲೇ ಇಲ್ಲವೋ, ನೀನು ಕೇಳಲಿಲ್ಲವೋ?" ಅವನು ತಲೆ ಕೆರೆದುಕೊಂಡ. ಅವನಿಗೆ ಒಂದು ಛಲ, ಹುಡುಕಲು ಕೂತ. ಎರಡು ದಿನದಲ್ಲಿ ಸಿಕ್ಕ ಹೆಸರು ಲೆಟ್ರಿಷಿಯಾ ಕ್ಯಾಂಡಲ್.

ಷಿಕಾಗೋದಲ್ಲಿ 1915ರಲ್ಲಿ ಹುಟ್ಟಿದವಳು. ತೊಡೆಯ ಮೇಲೆ ವಾದ್ಯ ಇಟ್ಟುಕೊಂಡು ಕೂರುವುದಕ್ಕಿಂತ ನಿಂತು ನುಡಿಸುವಂಥದ್ದು ಬೇಕು, ಒಂದೇ ಶ್ರುತಿಗೆ ಕಟ್ಟಿಬೀಳದಷ್ಟು ತಂತಿಗಳು ಬೇಕು ಎಂದು ಯೋಚಿಸಿ 1937ರಲ್ಲಿ 'ಗ್ರ್ಯಾಂಡ್ ಲೆಟಾರ್' ಎಂಬ ದೊಡ್ಡ ವಿದ್ಯುತ್ ವಾದ್ಯ ಮಾಡಿಸಿದಳು. 26 ತಂತಿ, ಬಣ್ಣ ಬದಲಿಸುವ ದೀಪ. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಮೇಜಿನಂತೆ ನಿಲ್ಲುವ ಇಂದಿನ ವಾದ್ಯಗಳಿಗೆ ಅವಳದು ಅಜ್ಜಿ ಎನ್ನಬಹುದು. ಮದುವೆಯಾದ ಮೇಲೆ ವೇದಿಕೆಯಿಂದ ದೂರವಾದಳು. ಜನ ಮರೆತರು. ವಾದ್ಯ ಅವಳ ಮನೆಯಲ್ಲೇ ಎಷ್ಟೋ ದಶಕ ಸುಮ್ಮನೆ ಕೂತಿತ್ತು. 2000ದ ದಶಕದ ಕೊನೆಗೆ ಈ ವಾದ್ಯದ ಆಸಕ್ತರೊಬ್ಬರು ಹುಡುಕಿಕೊಂಡು ಹೋದಾಗ ಅಜ್ಜಿ ಇನ್ನೂ ಬದುಕಿದ್ದರು. ವಾದ್ಯವನ್ನು ರಿಪೇರಿ ಮಾಡಿಸಿ ಮತ್ತೆ ಜನರಿಗೆ ತೋರಿಸಿದರು. 2010ರಲ್ಲಿ ಆಕೆ ತೀರಿಕೊಂಡರು.

ಅವರು ಎಷ್ಟನೆಯ ಸ್ಥಾನಕ್ಕೆ ಅರ್ಹರು? ನನಗೆ ಹೇಳಲಾಗದು. ಅವರು ಹರೆಯದಲ್ಲಿ ವೇದಿಕೆಯ ಮೇಲೆ ನಿಂತು ನುಡಿಸಿದ ಸಂಜೆಗಳಿಗೆ ನಾನು ಈಗ ಹೇಗೆ ಹೋಗಲಿ? ಹನ್ನೊಂದನೆಯವರು ಎಂದು ಬಿಟ್ಟುಬಿಡುವುದೂ ಸುಳ್ಳು, ಹೆಂಗಸು ಎಂಬ ಅಭಿಮಾನಕ್ಕೆ ಮೊದಲ ಸ್ಥಾನ ಕೊಡುವುದೂ ಸುಳ್ಳು. ಮಳೆಯಲ್ಲಿ ಕೇಳದ ಹಾಡಿಗೆ ಎಷ್ಟು ಅಂಕ ಹಾಕಿದರೂ ಅದು ತಪ್ಪು ಅಂಕವೇ.

ಹುಡುಕಲು ಹೊರಟ ಮೇಲೆ ಇಂಥವರು ಇನ್ನೂ ಸಿಕ್ಕರು. ಅಮೆರಿಕದ ಕಪ್ಪು ಜನರ ಒಂದು ಪಂಥದ ಚರ್ಚುಗಳಲ್ಲಿ 1930ರ ದಶಕದಿಂದಲೂ ಆರ್ಗನ್ನಿನ ಬದಲು ಸ್ಟೀಲ್ ಗಿಟಾರ್ ನುಡಿಸುತ್ತಾ ಬಂದಿದ್ದಾರೆ. ವಿಲ್ಲಿ ಈಸನ್ ಎಂಬಾತ ತಂತಿಯಲ್ಲೇ ಭಕ್ತರ ಕೂಗು, ಅಳು ಎಲ್ಲವನ್ನೂ ತರುತ್ತಿದ್ದ. ಅದು ಆ ಚರ್ಚುಗಳ ಗೋಡೆ ದಾಟಿ ದೊಡ್ಡ ಲೋಕಕ್ಕೆ ಕೇಳಿಸಿದ್ದು 1990ರ ದಶಕದಲ್ಲಿ, ಧ್ವನಿಮುದ್ರಣ ಹೊರಬಂದ ಮೇಲೆ. ಅದಕ್ಕೆ ಮೊದಲು ಪಟ್ಟಿ ಮಾಡಿದವರು ಯಾರೂ ಕೆಟ್ಟವರಲ್ಲ. ಆ ಬಾಗಿಲೊಳಗೆ ಕಾಲಿಟ್ಟಿರಲಿಲ್ಲ, ಅಷ್ಟೆ.

ನಮ್ಮ ಗೋಟುವಾದ್ಯದ ಕಥೆಯೂ ಹಾಗೇ. ತಂತಿಯ ಮೇಲೆ ತುಂಡು ಜಾರಿಸುವ ವಿದ್ಯೆ ಇದರದೂ ಹೌದು. ಆ ವಾದ್ಯವೇ ಹೆಸರಾಗಿ ಉಳಿದ ಗೋಟುವಾದ್ಯಂ ನಾರಾಯಣ ಅಯ್ಯಂಗಾರ್, ಮನ್ನಾರ್‌ಗುಡಿ ಸಾವಿತ್ರಿ ಅಮ್ಮಾಳ್ ಇವರನ್ನು ಯಾವ ಪಟ್ಟಿಯೂ ಕೇಳುವುದಿಲ್ಲ. ವಾದ್ಯದ ಹೆಸರು ಬೇರೆ, ಆದ್ದರಿಂದ ಬೇಲಿಯ ಆಚೆ. ಇಂದಿನವರನ್ನೇ ನೋಡಿ. ವಾರಾಣಸಿಯ ಕಮಲಾ ಶಂಕರ್ ಗಿಟಾರನ್ನು ತಿದ್ದಿ 'ಶಂಕರ್ ಗಿಟಾರ್' ಮಾಡಿಕೊಂಡು ಖಯಾಲ್ ಗಾಯನವನ್ನೇ ತಂತಿಗೆ ತಂದವರು. ಅವರ ಹೆಸರು ಇಷ್ಟು ವರ್ಷ ನುಡಿಸಿದ ನನ್ನ ಮೈದುನನ ಪಟ್ಟಿಯಲ್ಲೂ ಇರಲಿಲ್ಲ. ಕೇಳಿಸಿದ ಮೇಲೆ ಬೆಪ್ಪಾಗಿ ಕೂತ.

ಕೊನೆಯ ಸಂಜೆ ಇಬ್ಬರೂ ಮತ್ತೆ ನನ್ನನ್ನು ಹಿಡಿದರು. "ಈಗ ಕೇಳಿದ್ದಾಯಿತಲ್ಲ, ಹೇಳಿ." ತಪ್ಪಿಸಿಕೊಳ್ಳುವಂತಿರಲಿಲ್ಲ. ನಾನು ಎರಡು ಹೆಸರು ಹೇಳಿದೆ. ಎರಡಕ್ಕೂ ಕಾರಣ ಕೊಟ್ಟೆ.

ಒಂದು, ಜೆರ್ರಿ ಬರ್ಡ್ (1920–2005). ಒಹಾಯೊ ರಾಜ್ಯದ ಬಿಳಿಯ ಹುಡುಗ. ಊರಿಗೆ ಬಂದ ಹವಾಯಿ ತಂಡದವರ ಡೇರೆಯಲ್ಲಿ ಈ ನಾದ ಕೇಳಿ ಮರುಳಾದವನು. ಸುತ್ತಲಿನವರೆಲ್ಲ ಪೆಡಲಿನ ಹಿಂದೆ ಹೋದರೂ ಇವನು ಹೋಗಲಿಲ್ಲ. 1972ರಲ್ಲಿ ಹವಾಯಿಗೇ ಹೋಗಿ ನೆಲೆಸಿದ. ಆ ಹೊತ್ತಿಗೆ ಆ ದ್ವೀಪದ ಹೊಸ ಪೀಳಿಗೆಗೆ ತಮ್ಮದೇ ವಾದ್ಯ ಮರೆತುಹೋಗುತ್ತಿತ್ತು. ಅಲ್ಲಿಯ ಹುಡುಗರನ್ನು ಕೂರಿಸಿಕೊಂಡು ಕಲಿಸಿದ. ಎಲ್ಲಿಂದ ಪಡೆದನೋ ಅಲ್ಲಿಗೇ ತಿರುಗಿ ಕೊಟ್ಟ. ತವರಿನಿಂದ ತಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಎನ್ನುತ್ತಿದ್ದಳು ನಮ್ಮಮ್ಮ.

ಇನ್ನೊಂದು, ಒಬ್ಬರ ಹೆಸರಲ್ಲ, ಒಂದು ಮನೆಯ ಹೆಸರು. ತಾವ್ ಮೋಯೆ ಮತ್ತು ಅವರ ಹೆಂಡತಿ ರೋಸ್. ಇಬ್ಬರೂ 1908ರಲ್ಲಿ ಹುಟ್ಟಿದವರು. 1920ರ ದಶಕದ ಕೊನೆಗೆ ಹವಾಯಿ ಬಿಟ್ಟು ಹೊರಟು ಐವತ್ತಕ್ಕೂ ಹೆಚ್ಚು ವರ್ಷ ಊರೂರು ಅಲೆದು ಹಾಡಿ ನುಡಿಸಿ, ದಾರಿಯಲ್ಲೇ ಮಕ್ಕಳನ್ನು ಬೆಳೆಸಿ ಅವರನ್ನೂ ವೇದಿಕೆಗೆ ತಂದರು. 1940ರ ದಶಕದಲ್ಲಿ ಕೆಲವು ವರ್ಷ ಕಲ್ಕತ್ತದಲ್ಲಿ ಬೀಡುಬಿಟ್ಟಿದ್ದರು. ಅಲ್ಲಿ ತಾವ್ ಅವರಿಂದ ಕಲಿತವರಿಂದ, ಕೇಳಿದವರಿಂದ ಈ ವಾದ್ಯ ನಮ್ಮ ದೇಶದಲ್ಲಿ ಹಬ್ಬಿತು. ಯೋಚಿಸಿ ನೋಡಿ, ನನ್ನ ಮೈದುನನ ಗಣೇಶೋತ್ಸವದ ಗಿಟಾರಿಗೂ ಆ ದಂಪತಿಗೂ ಒಂದು ಎಳೆ ನಂಟಿದೆ. 1929ರಲ್ಲಿ ಟೋಕಿಯೋದಲ್ಲಿ ಮುದ್ರಿಸಿದ್ದ ತಮ್ಮ ಹರೆಯದ ಹಾಡುಗಳನ್ನು ಎಂಬತ್ತರ ವಯಸ್ಸಿನಲ್ಲಿ ಮತ್ತೆ ಹಾಡಿ ನುಡಿಸಿದರು. ಅದು 1989ರಲ್ಲಿ ಹೊರಬಂತು. ಗಂಡನ ಉಕ್ಕಿನ ತುಂಡು ತಂತಿಯ ಮೇಲೆ ಜಾರುತ್ತದೆ, ಹೆಂಡತಿಯ ದನಿ ಅದರ ಜೊತೆಗೇ ಏರುತ್ತದೆ. ವಯಸ್ಸಾದ ದನಿ, ಆದರೆ ದಾರಿ ತಪ್ಪುವುದಿಲ್ಲ. ಇದರಲ್ಲಿ ತಾವ್ ಅವರಿಗೆ ಎಷ್ಟು ಅಂಕ, ರೋಸ್ ಅವರಿಗೆ ಎಷ್ಟು ಎಂದು ಯಾರು ಬಿಡಿಸುತ್ತಾರೆ? ಪಟ್ಟಿಗಳಲ್ಲಿ ಇರುವುದು ಗಂಡನ ಹೆಸರು ಮಾತ್ರ.

"ಇವರೇ ಎಲ್ಲರಿಗಿಂತ ದೊಡ್ಡವರಾ?" ಎಂದ ಮಗ.

"ನಾನು ಕೇಳಿದವರಲ್ಲಿ ನನಗೆ ದೊಡ್ಡವರು. ಯಾಕೆ ಎಂದು ಹೇಳಿದ್ದೇನೆ. ನೀನು ಬೇರೆ ಹೇಳು, ಆದರೆ ಯಾಕೆ ಎಂದೂ ಹೇಳು."

ಅಷ್ಟರಿಂದ ಅವರ ಜಗಳ ಮುಗಿಯಲಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಮಗ ಹೊರಡುವ ದಿನ ನನ್ನ ಪಟ್ಟಿಯನ್ನೂ ಬರೆದು ಕೊಡು ಎಂದ. ಹಳೆಯ ಡೈರಿಯ ಹಾಳೆಯಲ್ಲಿ ಬರೆದೆ. ಸಂಖ್ಯೆ ಹಾಕಲಿಲ್ಲ. ಒಂದೊಂದು ಹೆಸರಿನ ಮುಂದೆ ನಾನು ಏನು ಕೇಳಿದೆ ಎಂಬುದನ್ನು ಒಂದು ಸಾಲು ಬರೆದೆ. ಲೆಟ್ರಿಷಿಯಾ ಕ್ಯಾಂಡಲ್ ಹೆಸರಿನ ಮುಂದೆ 'ಕೇಳಿಲ್ಲ' ಎಂದು ಬರೆದೆ. ಅದರ ಕೆಳಗೆ ಇನ್ನೊಂದು ಹೆಸರು ಬರೆಯುವ ಮನಸ್ಸಾಯಿತು. ಆ ಹುಡುಗಿ ಸ್ಟೀಲ್ ಗಿಟಾರ್ ನುಡಿಸಿದವಳಲ್ಲ, ಪಟ್ಟಿಗೆ ಸಲ್ಲುವವಳಲ್ಲ. ಬರೆಯಲಿಲ್ಲ.

ಆದರೆ ಮಗನನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಅವಳ ಊರು, ಮನೆ ವಿಚಾರಿಸಿದೆ. ನಮ್ಮೂರಿಂದ ಒಂದೂವರೆ ಗಂಟೆಯ ದಾರಿ. ಅವಳ ಮಗಳು ಈಗ ಹಾಡುತ್ತಾಳಂತೆ. ಮುಂದಿನ ವಾರ ಹೋಗಿ ಬರುತ್ತೇನೆ. ತೀರ್ಪು ಹೇಳುವುದಕ್ಕಲ್ಲ, ಕೇಳುವುದಕ್ಕೆ. ಹಾಡು ಮುಗಿಯುವ ತನಕ ಕೂತಿರುತ್ತೇನೆ.